ನಿಮ್ಮ ಅಮ್ಮನ ಗಾಡಿಯ ಹಿಂದಿನ ಸ್ಪ್ರಿಂಗು

ನೀವಿಬ್ಬರೂ ಹತ್ತಿ ಕೂತು ಬಾಯಲ್ಲೇ ಬುರ್ರೆನಿಸುವ ಆ ಎತ್ತರದ ಗಾಡಿ ಒಂದು ಭಾನುವಾರ ನಮ್ಮ ಮನೆ ಬಿಟ್ಟು ಹೋಗಿಯೇ ಬಿಡುತ್ತಿತ್ತು. ಕೊಳ್ಳುವವರು ಬಿಡದಿಯಿಂದ ಬಂದು ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ದಸರಾ ರಜೆಯೆಂದು ನೀವು ಕನಕಪುರಕ್ಕೆ ನಿಮ್ಮ ಅಮ್ಮನ ತವರಿಗೆ ಹೋಗಿದ್ದಿರಿ, ಹಾಗಾಗಿ ಏನನ್ನೂ ನೋಡಲಿಲ್ಲ. ಈಗ ಕೇಳಿದರೆ ನಿಮ್ಮ ಅಪ್ಪ ಒಂದು ರೀತಿ ಹೇಳುತ್ತಾನೆ, ನಿಮ್ಮ ಅಮ್ಮ ನಕ್ಕು ಸುಮ್ಮನಾಗುತ್ತಾಳೆ. ಬಾಯಲ್ಲಿ ಹೇಳು ಎಂದರೆ ನನಗೆ ಸಿಟ್ಟು ಬಂದು ಮಾತು ಅಡ್ಡಾದಿಡ್ಡಿಯಾಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಮೋಟಾರ್ ಸೈಕಲ್ಲೇ ಆದರೂ ಆ ಗಾಡಿಗೆ ದೀಪವಿಲ್ಲ, ಕನ್ನಡಿಯಿಲ್ಲ, ಸಂತೆಗೆ ಹೋಗಿ ಬರಲು ಒಂದು ಚೀಲ ಸಿಕ್ಕಿಸುವ ಕೊಕ್ಕೆಯೂ ಇಲ್ಲ. ಮಣ್ಣಿನಲ್ಲಿ, ದಿಬ್ಬದಲ್ಲಿ ಓಡಿಸಲಿಕ್ಕೆಂದೇ ಮಾಡಿದ್ದು. ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ನಿಮ್ಮ ಅಮ್ಮ ತಾನು ದುಡಿದು ಉಳಿಸಿದ್ದರಲ್ಲಿ ತಂದಳು. ಅವಳು ಮಾಗಡಿಯ ಶಾಲೆಯಲ್ಲಿ ಪಿಟಿ ಟೀಚರ್, ಮಕ್ಕಳನ್ನು ಓಡಿಸಿ ಓಡಿಸಿ ಅವಳಿಗೂ ಒಮ್ಮೆ ಓಡಬೇಕು ಅನ್ನಿಸಿರಬೇಕು. ಕನಕಪುರದ ಕಡೆ ಮಣ್ಣಿನ ಹಾದಿಯಲ್ಲಿ ಗಾಡಿ ರೇಸು ನಡೆಯುತ್ತದೆ, ಹೆಂಗಸರಿಗೂ ಬೇರೆ ವಿಭಾಗ ಇರುತ್ತದೆ ಎಂದು ತಿಳಿದುಕೊಂಡು ಬಂದು, ನಮಗೆ ಹೇಳುವ ಮೊದಲೇ ಹೆಸರು ಕೊಟ್ಟಿದ್ದಳು. ಗೆಲ್ಲುವ ಆಸೆಯೇನೂ ಇರಲಿಲ್ಲ. "ಒಂದ್ ಸಲ ಪೂರಾ ಸುತ್ತು ಮುಗಿಸ್ಬೇಕು ಅತ್ತೆ, ಅಷ್ಟೆ" ಎಂದಿದ್ದಳು.

ಅಭ್ಯಾಸಕ್ಕೆ ನಮ್ಮೂರ ಕೆರೆಯಂಗಳ ಇತ್ತು. ನೀರಿಲ್ಲದ ಕಡೆ ಹೊಲಗಳಿಗೆಂದು ಗೋಡು ಮಣ್ಣು ಎತ್ತಿ ಎತ್ತಿ ಗುಂಡಿ, ದಿಬ್ಬ ಒಂದರ ಹಿಂದೊಂದು ಆಗಿದ್ದವು. ಮೊದಲ ದಿನ ನಾನು ಏರಿಯ ಮೇಲೆ ನಿಂತು ನೋಡಿದೆ. ಒಂದನೆಯ ದಿಬ್ಬ ದಾಟಿದಳು. ಎರಡನೆಯದು ಇಳಿಯುವಾಗ ಹಿಂದಿನ ಗಾಲಿ ಒದ್ದಿತು. ಹಾಲು ಕರೆಯಲು ಕೂತಾಗ ಕೆಟ್ಟ ಹಸು ಒದೆಯುವುದಿಲ್ಲವೆ, ಹಾಗೆ, ಮುನ್ಸೂಚನೆಯೇ ಇಲ್ಲದೆ. ಅವಳು ಹ್ಯಾಂಡಲ್ ಮೇಲಿಂದ ಹಾರಿ ಗೋಡಿನಲ್ಲಿ ಬಿದ್ದಳು. ಏನೂ ಆಗಲಿಲ್ಲ, ಬಾಯಿ ತುಂಬ ಮಣ್ಣು ಅಷ್ಟೆ.

ಸಂಜೆ ನಿಮ್ಮ ಅಪ್ಪ ಗಾಡಿಯ ಹಿಂಭಾಗವನ್ನು ಎರಡು ಸಲ ಅದುಮಿ ನೋಡಿ ತೀರ್ಪು ಕೊಟ್ಟ. "ಸ್ಪ್ರಿಂಗ್ ಲೂಸಾಗೈತೆ. ಟೈಟ್ ಮಾಡ್ಸುದ್ರೆ ಸರಿಹೋಯ್ತದೆ."

ಆಮೇಲೆ ಅವಳ ಕಡೆ ತಿರುಗಿ, "ನೋಡಮ್ಮಿ, ಎಲ್ಡು ಮಕ್ಳ ತಾಯಿ ನೀನು. ಮೂರ್ ಸಲ ಬಿದ್ಯೋ, ಗಾಡಿ ಮಾರ್ಬುಡ್ತೀನಿ. ಆಮೇಲೆ ನನ್ನ ಬೈಬ್ಯಾಡ" ಎಂದ.

"ಇದೂ ಲೆಕ್ಕಕ್ಕೆ ಸೇರ್ತಾ?"

"ಸೇರ್ತು."

ಮಾರುವುದು ಎಂದರೆ ಬರೀ ಗಾಡಿ ಹೋಗುವುದಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ಅವಳು ಇನ್ನೊಂದನ್ನು ತರುವುದಿಲ್ಲ, ಬಾಯಿಬಿಟ್ಟು ಕೇಳುವುದೂ ಇಲ್ಲ. ಅವಳು ಅಂಥವಳು.

ರಾಮನಗರದಲ್ಲಿ ಇಂಥ ಗಾಡಿಗಳ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ ಇದ್ದಾನೆಂದು ನಿಮ್ಮ ಅಪ್ಪ ವಿಚಾರಿಸಿಕೊಂಡು ಬಂದ. ಶನಿವಾರ ಅವಳಿಗೆ ಶಾಲೆ. ನನಗೆ ಹೊಲಿಗೆಗೆ ಲೈನಿಂಗ್ ಬಟ್ಟೆ, ಹುಕ್ಕು ತರಬೇಕಿತ್ತು. ಗೂಡ್ಸ್ ಆಟೋದ ಹಿಂದೆ ಗಾಡಿ ಕಟ್ಟಿ, ಮುಂದೆ ನಾವಿಬ್ಬರೂ ಕೂತು ಹೋದೆವು.

ಅಂಗಡಿ ದೊಡ್ಡ ರಸ್ತೆಯ ಪಕ್ಕದಲ್ಲೇ ಇತ್ತು, ಎದುರಿಗೆ ಟೀ ಅಂಗಡಿ, ಅಲ್ಲಿ ಯಾವಾಗಲೂ ಏಳೆಂಟು ಗಂಡಸರು. ಮೆಕ್ಯಾನಿಕ್ ಮರ್ಯಾದಸ್ಥ. ನನ್ನನ್ನು ಕಂಡೊಡನೆ "ಬನ್ನಿ ಅಮ್ಮ, ಫ್ಯಾನ್ ಕೆಳಗೆ ಕೂತ್ಕಳಿ" ಎಂದು ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ಹಾಕಿದ. ಕೆಲಸವೂ ಗೊತ್ತಿತ್ತು. ನಾನು ಅಲ್ಲಿಂದಲೇ ಎಲ್ಲ ನೋಡಿದೆ. ಮೊದಲು ಹಿಂದಿನ ಗಾಲಿ ನೆಲ ಬಿಡುವ ಹಾಗೆ ಗಾಡಿಯನ್ನು ಎತ್ತಿ ನಿಲ್ಲಿಸಿದ. ಗಾಲಿಯ ನಡುವಿನ ನಟ್ಟಿನಿಂದ ಸೀಟಿನ ಕೆಳಗೆ ತಾನೇ ಪೇಂಟಿನಲ್ಲಿ ಹಾಕಿದ ಗುರುತಿನವರೆಗೆ ಟೇಪ್ ಹಿಡಿದ. ಆಮೇಲೆ ಗಾಡಿಯನ್ನು ನೆಲಕ್ಕಿಳಿಸಿ ಅದೇ ಎರಡು ಗುರುತುಗಳ ನಡುವೆ ಮತ್ತೆ ಅಳೆದ. ಕೊನೆಗೆ, "ಸಾರ್, ಹತ್ತಿ ಕೂತ್ಕಳಿ, ಕಾಲು ಎರಡೂ ಮೇಲಿಡಿ" ಎಂದ.

ನಿಮ್ಮ ಅಪ್ಪ ಹತ್ತಿ ಕೂತ. ಮೆಕ್ಯಾನಿಕ್ ಹಿಂದೆ ಮಂಡಿಯೂರಿ ಮೂರನೆಯ ಸಲ ಅಳೆದ. "ಓಡ್ಸೋರು ಕೂತಾಗ ಗಾಡಿ ನಾಲ್ಕು ಇಂಚು ಕೆಳಕ್ಕೆ ಇಳೀಬೇಕು ಸಾರ್. ಜಾಸ್ತಿ ಇಳುದ್ರೆ ಮೆತ್ತಗಾಯ್ತು, ಕಮ್ಮಿ ಇಳುದ್ರೆ ಗಟ್ಟಿ, ಎತ್ತಿ ಒಗೀತದೆ. ಇದು ಐದರ ಮೇಲೆ ಹೋಯ್ತಾ ಐತೆ." ಸ್ಪ್ರಿಂಗಿನ ತಲೆಯ ಮೇಲೆ ಒಂದು ದಪ್ಪ ರಿಂಗ್ ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಅದುಮಿಕೊಂಡು ಗಟ್ಟಿಯಾಗುತ್ತದೆ. ಅವನು ತಿರುಗಿಸುವುದು, ನಿಮ್ಮ ಅಪ್ಪ ಇಳಿದು ಹತ್ತುವುದು, ಅಳೆಯುವುದು, ಹೀಗೆ ನಾಲ್ಕು ಸಲ ಆಯಿತು. ಕೊನೆಗೆ ಸರಿಯಾಗಿ ನಾಲ್ಕು ಇಂಚು ಬಂತು. ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಸಿಕ್ಕಿಸಿದ.

ನನಗೆ ಆಗಲೇ ಏನೋ ಚುಚ್ಚಿತು. ನಿಮ್ಮ ಅಪ್ಪ ಎಂಬತ್ತು ಕೇಜಿಗೆ ಕಡಿಮೆಯಿಲ್ಲ. ನಿಮ್ಮ ಅಮ್ಮ ಅವನ ಪಕ್ಕದಲ್ಲಿ ನಿಂತರೆ ಕಡ್ಡಿ. ಗಾಡಿ ಓಡಿಸುವವಳು ಅವಳು, ಕೂತು ಅಳತೆ ಕೊಟ್ಟವನು ಇವನು. ಆದರೆ ಬಾಯಿ ಬರಲಿಲ್ಲ. ಏಳನೇ ಕ್ಲಾಸಿನವರೆಗೆ ಓದಿದವಳು, ಕಬ್ಬಿಣದ ಕೆಲಸದ ನಡುವೆ ಏನೆಂದು ಹೇಳಲಿ? ನಮ್ಮ ಮನೆಯವರು, ಈ ಮನೆಯ ನಿಮ್ಮ ತಾತ, ಇದ್ದಾಗ ಅಂಗಡಿಯಲ್ಲಿ ನನಗೆ ಬೇಕಾದ ದಾರದ ಬಣ್ಣವನ್ನೂ ಅವರೇ ಕೇಳುತ್ತಿದ್ದರು. ಅವರು ಹೋಗಿ ಒಂಬತ್ತು ವರ್ಷವಾದರೂ ನನಗೆ ಅಂಗಡಿಯಲ್ಲಿ ಧ್ವನಿ ಏಳುವುದಿಲ್ಲ. ಬೆರಳು ತೋರಿಸಿ ಕೊಂಡು ಬರುತ್ತೇನೆ.

ಮಾರನೆಯ ದಿನ ಅವಳು ಎರಡನೆಯ ಸಲ ಬಿದ್ದಳು. ಅದೇ ದಿಬ್ಬ, ಅದೇ ಒದೆತ, ಮೊದಲಿಗಿಂತ ಜೋರಾಗಿ. ಮೊಣಕೈ ಕಲ್ಲಿಗೆ ತಾಗಿ ಸೀಳಿತು. ಪಕ್ಕದ ತಿಪ್ಪಸಂದ್ರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದು, ಒಲೆಯ ಮುಂದೆ ಕೂತು ಒಂದೇ ಕೈಯಲ್ಲಿ ಮುದ್ದೆ ಮುರಿದು ತಿನ್ನುತ್ತಿದ್ದಳು. ನಿಮ್ಮ ಅಪ್ಪ "ಎರಡು" ಎಂದು ಬೆರಳು ತೋರಿಸಿದ. ತಟ್ಟೆಯನ್ನು ಅವನ ತಲೆಯ ಮೇಲೆ ಬೋರಲು ಹಾಕಬೇಕೆನಿಸಿತು ನನಗೆ.

ಗಾಯ ಒಣಗಿದ ಮೇಲೆ ಈ ಸಲ ಅವಳೇ ಹೊರಟಳು, ಜೊತೆಗೆ ನಾನು. ಮತ್ತೆ ಗೂಡ್ಸ್ ಆಟೋ, ಮತ್ತೆ ಅದೇ ಕುರ್ಚಿ, ಈಗ ಎರಡು ಕುರ್ಚಿ.

ಅವಳು ಕೂರಲಿಲ್ಲ. "ಅಣ್ಣ, ಹಿಂದ್ಗಡೆ ತುಂಬಾ ಒದೀತದೆ. ನಾನ್ ಹತ್ತಿ ಕೂತ್ಕತೀನಿ, ಒಂದ್ಸಲ ಅಳತೆ ನೋಡಿ" ಎಂದಳು.

ಮೆಕ್ಯಾನಿಕ್ ಕೈಯಲ್ಲಿದ್ದ ಟೇಪು ನೋಡಿದ. ರಸ್ತೆ ನೋಡಿದ. ಎದುರಿನ ಟೀ ಅಂಗಡಿ ನೋಡಿದ. ನನ್ನ ಮುಖ ನೋಡಿದ. "ಸಾರ್ ಬಂದಿಲ್ವಾ ಮೇಡಂ?"

"ಇಲ್ಲ, ಕೆಲ್ಸ ಇತ್ತು."

"ಅಳತೆ ಆಗೈತಲ್ಲ ಮೇಡಂ, ಬರ್ದೂ ಮಡಗಿವ್ನಿ. ನೀವು ಕೂತ್ರೆ ಒಸಿ ಹೆಚ್ಚುಕಮ್ಮಿ ಬರ್ಬೋದು, ಅಷ್ಟೆ. ಅದ್ರಿಂದಲ್ಲ ಒದೆಯೋದು. ಕೆಳಗೆ ಒಂದು ಸ್ಕ್ರೂ ಐತೆ, ಅದುಮಿದ ಸ್ಪ್ರಿಂಗು ವಾಪಸ್ ಬರೋ ಸ್ಪೀಡ್ ಅದ್ರಲ್ಲಿ. ಅದುನ್ನ ನಿಧಾನ ಮಾಡ್ತೀನಿ, ನೋಡಿ ಹೆಂಗ್ ಸುಮ್ನಾಯ್ತದೆ. ನೀವು ಕೂತ್ಕಳಿ, ಟೀ ಹೇಳ್ತೀನಿ."

ಆಗ ನನಗೆ ಪೂರ್ತಿ ತಿಳಿಯಿತು. ಹೆಣ್ಣುಮಗಳನ್ನು ನಡುರಸ್ತೆಯಲ್ಲಿ ಗಾಡಿಯ ಮೇಲೆ ಕೂರಿಸಿ, ಅವಳ ಹಿಂದೆ ಮಂಡಿಯೂರಿ ಸೀಟಿನ ಹತ್ತಿರ ಟೇಪ್ ಹಿಡಿಯಲು ಅವನಿಗೆ ಸಂಕೋಚ. ಅವನನ್ನು ಬೈಯುವಂತೆಯೂ ಇಲ್ಲ, ಅದು ನಮ್ಮ ಕಡೆಯ ಮರ್ಯಾದೆ. ನಲವತ್ತು ವರ್ಷ ರವಿಕೆ ಹೊಲಿದವಳಿಗೆ ಇದು ಹೊಸದಲ್ಲ. ಗಂಡಸು ಟೈಲರ್‌ಗಳು ಹೆಂಗಸರ ಮೈಮೇಲೆ ಟೇಪ್ ಇಡುವುದಿಲ್ಲ. ಮನೆಯಿಂದ ಒಂದು ಹಳೆಯ ರವಿಕೆ ತಂದು ಕೊಡಬೇಕು, ಅದಕ್ಕೆ ಅಳತೆ ರವಿಕೆ ಅನ್ನುತ್ತಾರೆ, ಅದನ್ನು ನೋಡಿಕೊಂಡು ಹೊಸದು ಹೊಲಿಯುತ್ತಾರೆ. ಅದು ಎಂದೋ ಹೊಲಿಸಿದ್ದು. ಈಗ ಮೈ ಬಂದಿರುತ್ತದೆ, ಇಲ್ಲ ಇಳಿದಿರುತ್ತದೆ. ಹೊಸ ರವಿಕೆ ಕಂಕುಳಲ್ಲಿ ಹಿಡಿಯುತ್ತದೆ, ಇಲ್ಲ ಭುಜದಿಂದ ಜಾರುತ್ತದೆ. ಅದನ್ನೆಲ್ಲ ಬಿಚ್ಚಿ ಸರಿ ಮಾಡಿಸಲು ನನ್ನ ಹತ್ತಿರ ಬರುತ್ತಾರೆ. ಬಂದವರನ್ನು ನಿಲ್ಲಿಸಿ ಮೈಮೇಲೆ ಟೇಪ್ ಇಟ್ಟೇ ನಾನು ಕತ್ತರಿ ಹಿಡಿಯುವುದು. ಈ ಮೆಕ್ಯಾನಿಕ್ ನಿಮ್ಮ ಅಪ್ಪನನ್ನೇ ಅಳತೆ ರವಿಕೆ ಮಾಡಿಕೊಂಡಿದ್ದ. ಅದೂ ಅವಳ ಹಳೆಯದಲ್ಲ, ಬೇರೆಯವರದು!

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎದುರಿನಿಂದ ಇಬ್ಬರು ಗಾಡಿ ನೋಡಲು ಬಂದರು. "ಮೇಡಮ್ಮೇ ಓಡ್ಸೋದಾ ಇದುನ್ನ?" ಎಂದು ಒಬ್ಬ ಕೇಳಿ, ಇನ್ನೊಬ್ಬನ ಮುಖ ನೋಡಿ ನಕ್ಕ. ನಾನು ಸೆರಗು ಎಳೆದುಕೊಂಡು ಟೀ ಲೋಟದ ಒಳಗೆ ನೋಡುತ್ತಾ ಕೂತೆ.

ವಾಪಸ್ ಬರುವಾಗ ಆಟೋದಲ್ಲಿ ಹೇಳಿದೆ. "ನಿನ್ನ ಕೂರ್ಸಿ ನೋಡ್ಬೇಕಿತ್ತೇನೋ ಕಣವ್ವ."

"ನಾನೂ ಅದುನ್ನೇ ಕೇಳ್ದೆ ಅತ್ತೆ. ಒಸಿ ಹೆಚ್ಚುಕಮ್ಮಿ ಅಂದ್ರಲ್ಲ. ಅವ್ರಿಗೆ ಗೊತ್ತಿರ್ತದೆ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಬ್ಯಾಂಡೇಜು ಬಿಚ್ಚಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು "ಹೂಂ" ಎಂದೆ. ಇಷ್ಟೇ ಆದದ್ದು. ಇಬ್ಬರಿಗೂ ಗೊತ್ತಿದ್ದದ್ದನ್ನು ಇಬ್ಬರೂ ನುಂಗಿಕೊಂಡು ಮನೆಗೆ ಬಂದೆವು. ಈಗ ನೆನೆದರೂ ಹಲ್ಲು ಕಚ್ಚುವಂತಾಗುತ್ತದೆ.

ಮೂರನೆಯ ಸಲ ಗಾಡಿ ಒದೆಯಲಿಲ್ಲ, ಆದರೆ ಮರದ ದಿಮ್ಮಿಯಾಗಿತ್ತು. ದಿಬ್ಬದ ಮೇಲೆ ಹೊಡೆದ ಪೆಟ್ಟೆಲ್ಲ ಅವಳ ಸೊಂಟಕ್ಕೇ. ನಾಲ್ಕನೆಯ ದಿಬ್ಬದಲ್ಲಿ ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು, ಅವಳು ಕಾಲೂರಿ ಗಾಡಿಯನ್ನು ಮೆಲ್ಲಗೆ ಮಲಗಿಸಿದಳು. ಮನೆಯಲ್ಲಿ ಇದೇ ಜಗಳ.

"ಬಿದ್ದಿದ್ದಲ್ಲ ರೀ, ಮಲಗ್ಸಿದ್ದು."

"ಗಾಡಿ ನೆಲ ಮುಟ್ತೋ ಇಲ್ವೋ?"

"ಮುಟ್ತು."

"ಹಂಗಾದ್ರೆ ಮೂರು."

ಬಿಡದಿಯ ಕಡೆ ಅವನಿಗೆ ಪರಿಚಯದವರೊಬ್ಬರಿದ್ದರು, ಇಂಥ ಗಾಡಿ ಹುಡುಕುತ್ತಿದ್ದರು. ಫೋನ್ ಮಾಡಿಯೇಬಿಟ್ಟ.

ಭಾನುವಾರ ಬೆಳಿಗ್ಗೆ ಅವರು ಬಂದರು. ಎತ್ತರ, ದಪ್ಪ, ಬಂದ ಕೂಡಲೇ ಮನೆ ತುಂಬುವಂಥ ನಗು. ಕಾಫಿ ಮುಗಿಸಿ ಗಾಡಿ ಹತ್ತಿ ಕೂತರು. ಕೂತವರೇ ಎರಡು ಸಲ ಮೇಲೆ ಕೆಳಗೆ ಕುಲುಕಿ, "ಅಯ್ಯೋ ಗುರುವೇ, ಸೋಫಾ ಕಣಯ್ಯ ಇದು!" ಎಂದರು. ಕೆರೆಯಂಗಳಕ್ಕೆ ಹೋಗಿ ಎಲ್ಲ ದಿಬ್ಬ ಹಾರಿಸಿಕೊಂಡು ಬಂದರು. ಮೈಯೆಲ್ಲ ಧೂಳು, ಮುಖವೆಲ್ಲ ಹಲ್ಲು.

"ಯಾರಯ್ಯ ಸೆಟ್ಟಿಂಗ್ ಮಾಡಿದ್ದು? ಆ ಕೆಳಗಿನ ಸ್ಕ್ರೂ ಒಂದು ಒಸಿ ಬುಟ್ರೆ ಸಾಕು. ಮಿಕ್ಕಿದ್ದೆಲ್ಲ ನನ್ಗೇ ಅಂತ ಅಳತೆ ತಗಂಡು ಮಾಡ್ದಂಗೈತೆ."

ನಿಮ್ಮ ಅಪ್ಪ ನಿಮ್ಮ ಅಮ್ಮನ ಕಡೆ ತಿರುಗಿದ. ಕೆಟ್ಟ ಮನಸ್ಸಿನಿಂದಲ್ಲ, ಆದರೆ ಆಡಿಬಿಟ್ಟ. "ನೋಡ್ದಾ? ಗಾಡೀಲಿ ಏನೂ ತೊಂದ್ರೆ ಇಲ್ಲ. ನಿನ್ ಕೈಲಾಗ್ತಿಲ್ಲ, ಅಷ್ಟೆ. ಹೋಗು, ಕಾಗ್ದ ತಗಂಡ್ ಬಾ."

ಅವಳು ಒಳಗೆ ಬಂದು ಬೀರು ತೆಗೆದಳು. ನಾನು ಹೊಲಿಗೆ ಮಿಷನ್ ಮುಂದೆ ಕೂತಿದ್ದೆ. ಗಾಡಿಯ ಕಾಗದಗಳ ಕವರ್ ತೆಗೆದು, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಕೈಲಾಗುವುದಿಲ್ಲ ಎಂಬ ಮಾತನ್ನು ಅವಳು ನಂಬಿಬಿಟ್ಟಿದ್ದಾಳೆ ಎಂದು ಆ ಕೈ ನೋಡಿ ಗೊತ್ತಾಯಿತು.

ನಾನು ಎದ್ದೆ. ಟೇಪು ಕೊರಳಲ್ಲೇ ಇತ್ತು. ಹೊರಗೆ ಬಂದೆ. "ಗಾಡಿ ಹಿಂದ್ಗಡೆ ಎತ್ತಿ ಹಿಡ್ಕೊ" ಎಂದೆ ನಿಮ್ಮ ಅಪ್ಪನಿಗೆ.

"ಏನವ್ವ? ಒಳಕ್ಕೋಗು, ಮಾತಾಡ್ತಾ ಇವ್ನಿ."

"ಎತ್ತ್ಲಾ!"

ಬೇರೆಯವರ ಮುಂದೆ ಅವನನ್ನು ಹಾಗೆ ನಾನು ಎಂದೂ ಕೂಗಿರಲಿಲ್ಲ. ಅವನಿಗಿಂತ ಮೊದಲು ಬಿಡದಿಯವರೇ ಗಾಬರಿಯಾಗಿ ಬಂದು ಹಿಂಭಾಗ ಎತ್ತಿ ಹಿಡಿದರು. ನಾನು ನೆಲದ ಮೇಲೆ ಮಂಡಿಯೂರಿದೆ. ನಟ್ಟಿನಿಂದ ಮೆಕ್ಯಾನಿಕ್ ಹಾಕಿದ್ದ ಪೇಂಟಿನ ಗುರುತಿಗೆ ಇಪ್ಪತ್ತನಾಲ್ಕು ಇಂಚು. "ಈಗ ನೀನು ಹತ್ತು" ಎಂದೆ ಮಗನಿಗೆ. ಹತ್ತಿದ. ಇಪ್ಪತ್ತು. "ಇಳಿ. ನೀನ್ ಬಾವ್ವ."

ಅವಳು ಕವರನ್ನು ಜಗುಲಿಯ ಮೇಲಿಟ್ಟು ಬಂದು ಹತ್ತಿದಳು. ಇಪ್ಪತ್ತೊಂದೂಕಾಲು.

"ಸರಿಯಾಗಿ ಹಿಡೀಲಿಲ್ಲ ನೀನು" ಎಂದ ಮಗ. ಮತ್ತೆ ಹಿಡಿದೆ. ಅಷ್ಟೇ. ಅವನೇ ಬಗ್ಗಿ ನೋಡಿದ, ಟೇಪು ಹಳೆಯದು, ಎಳೆದುಕೊಂಡಿದೆ ಎಂದ. ಈ ಟೇಪಿನಲ್ಲಿ ನಿನ್ನ ಮದುವೆಯ ಶರಟು ಹೊಲಿದಿದ್ದೇನೆ ಎಂದೆ. ಮೂರನೆಯ ಸಲ ಬಿಡದಿಯವರು ಕನ್ನಡಕ ಹಾಕಿಕೊಂಡು ತಾವೇ ಓದಿದರು. ಇಪ್ಪತ್ತೊಂದೂಕಾಲೇ.

"ನಾಲ್ಕು ಇಂಚು ಇಳೀಬೇಕು ಅಂದ ಆ ಪುಣ್ಯಾತ್ಮ" ಎಂದೆ. "ನೀನು ಕೂತ್ರೆ ನಾಲ್ಕು ಇಳೀತದೆ, ಇವ್ರು ಕೂತ್ರೂ ಇಳೀತದೆ. ಅವ್ಳು ಕೂತ್ರೆ ಮೂರಕ್ಕೂ ಕಮ್ಮಿ. ಕಮ್ಮಿಯಾದ್ರೆ ಎತ್ತಿ ಒಗೀತದೆ ಅಂತ ಅವ್ನೇ ಹೇಳಿದ್ದು, ನೀನೂ ಕೇಳಿಸ್ಕಂಡೆ. ನಿನ್ ಅಳತೆಗೆ ಟೈಟ್ ಮಾಡ್ಸಿದ್ಮೇಲೆ ಮೊದ್ಲಿಗಿಂತ ಜೋರಾಗಿ ಎತ್ತಿ ಒಗೀತು. ಕೈಲಾಗದೆ ಇರೋದು ಯಾರಿಗೆ?"

ಬಿಡದಿಯವರು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. "ಏನ್ ಗುರು, ಹೆಂಡ್ತಿ ಗಾಡಿಗೆ ನಿನ್ ಅಳತೆ ಕೊಟ್ಬುಟ್ಟು ಬಂದಿದ್ದೀಯಲ್ಲೋ! ಅದ್ಕೇ ನನ್ಗೆ ಸೋಫಾ ಆಗಿರೋದು!"

ನಿಮ್ಮ ಅಪ್ಪನ ಮುಖ ಕೆಂಪಾಯಿತು. ತಪ್ಪು ತನ್ನದಲ್ಲವೆಂದು ತೋರಿಸಲು ಮೆಕ್ಯಾನಿಕ್‌ಗೆ ಫೋನ್ ಮಾಡಿ ಎಲ್ಲರಿಗೂ ಕೇಳುವ ಹಾಗೆ ಇಟ್ಟ.

"ಸಾರ್, ನನ್ಗೇನ್ ಗೊತ್ತಿಲ್ವಾ? ರಸ್ತೆ ಮೇಲೆ ಹೆಣ್ಮಕ್ಳ ಹಿಂದೆ ಟೇಪ್ ಹಿಡ್ಕಂಡು ಕೂತ್ರೆ ನೋಡ್ದೋರು ಏನಂತಾರೆ? ಆವತ್ತು ನಿಮ್ ತಾಯೋರೂ ಕೂತಿದ್ರು. ನೀವಾದ್ರೂ ಹೇಳ್ಬೇಕಲ್ವಾ ತೂಕದಾಗೆ ಇಷ್ಟು ವ್ಯತ್ಯಾಸ ಐತೆ ಅಂತ!"

ನನ್ನ ಮುಂದೆ ಮರ್ಯಾದೆಗೆಂದು ಅವನು ಅಳೆಯಲಿಲ್ಲ, ಅವನ ಮುಂದೆ ಮರ್ಯಾದೆಗೆಂದು ನಾನು ಬಾಯಿ ಬಿಡಲಿಲ್ಲ. ಕೈಗೆ ಆರು ಹೊಲಿಗೆ ಬಿದ್ದದ್ದು ಮಾತ್ರ ಅವಳಿಗೆ.

ಅವನು ಫೋನಿನಲ್ಲೇ ಹೇಳಿದಂತೆ ರಿಂಗನ್ನು ಹಿಂದಕ್ಕೆ ತಿರುಗಿಸಿದರು, ಕೆಳಗಿನ ಸ್ಕ್ರೂವನ್ನೂ ಸಡಿಲ ಮಾಡಿದರು. ನಮ್ಮಲ್ಲಿ ಅದರ ಪಾನಾ ಇರಲಿಲ್ಲ. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಮಧ್ಯಾಹ್ನವಾಯಿತು. ಬಿಡದಿಯವರೂ ಪ್ಯಾಂಟು ಮಡಚಿಕೊಂಡು ಕೂತರು, ಕೊಳ್ಳಲು ಬಂದದ್ದು ಮರೆತವರ ಹಾಗೆ. ಅವಳು ಕೂತಾಗ ನಾಲ್ಕು ಇಂಚು ಬಂತು. ಆದರೆ ಈಗ ಯಾರೂ ಕೂರದಿದ್ದರೂ ಗಾಡಿ ತನಗೆ ತಾನೇ ಎರಡೂವರೆ ಇಂಚು ಕುಸಿದು ನಿಲ್ಲುತ್ತಿತ್ತು. ಅದು ಒಂದೂವರೆ ದಾಟಬಾರದಂತೆ. ಹಾಗಿದ್ದರೆ ಸ್ಪ್ರಿಂಗೇ ಅವಳಿಗೆ ಗಟ್ಟಿ, ಮೆತ್ತನೆಯದು ಬೆಂಗಳೂರಿನಿಂದ ತರಿಸಬೇಕು ಎಂದ ಮೆಕ್ಯಾನಿಕ್, ಮತ್ತೆ ಫೋನ್ ಮಾಡಿದಾಗ. ಒಂದು ಸರಿಯಾದರೆ ಇನ್ನೊಂದು ಕೆಡುವ ಈ ಯಂತ್ರದ ಮೇಲೆ ನನಗೆ ರೇಗಿಹೋಯಿತು.

"ಓಡ್ಸೋರ ತೂಕ ಎಷ್ಟು, ಹೇಳಿ. ಅದ್ರ ಮೇಲೆ ಸ್ಪ್ರಿಂಗ್ ಆರ್ಡರ್ ಮಾಡ್ಬೇಕು" ಎಂದಿತು ಫೋನು.

ನಿಮ್ಮ ಅಪ್ಪ ಅವಳ ಕಡೆ ನೋಡಿದ. ಮದುವೆಯಾಗಿ ಹನ್ನೊಂದು ವರ್ಷ, ಗೊತ್ತಿರಲಿಲ್ಲ. "ಐವತ್ತೊಂದು!" ಎಂದು ಅವಳು ಗಾಡಿಯ ಮೇಲಿಂದಲೇ ಕೂಗಿದಳು.

ಬಿಡದಿಯವರು ಕೈ ತೊಳೆದು ಹೊರಟರು. "ಮಾರಲ್ಲ ಅಲ್ವಾ?" ಎಂದು ಕೇಳಿದ್ದು ನಿಮ್ಮ ಅಪ್ಪನನ್ನಲ್ಲ, ನನ್ನನ್ನು. ನಾನು ತಲೆ ಅಲ್ಲಾಡಿಸಿದೆ. ಮಗನೂ "ಇರ್ಲಿ ಬುಡು" ಎಂದ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಸಂಜೆ ಅವಳು ಕೆರೆಯಂಗಳದಲ್ಲಿ ಆರು ಸುತ್ತು ಹೊಡೆದಳು. ಹಿಂಭಾಗ ಒಸಿ ತೂಗಾಡಿತು, ಒದೆಯಲಿಲ್ಲ.

ಸ್ಪ್ರಿಂಗ್ ಹದಿನೈದು ದಿನದಲ್ಲಿ ಬರುತ್ತದೆ ಎಂದವರು ಎರಡು ತಿಂಗಳು ಮಾಡಿದರು. ಅಷ್ಟರಲ್ಲಿ ರೇಸು ಬಂದು ಹೋಯಿತು. ಇದ್ದ ಸ್ಪ್ರಿಂಗಿನಲ್ಲೇ ಓಡಿಸಿ, ಕೊನೆಯಿಂದ ಮೂರನೆಯವಳಾಗಿ, ಬೀಳದೆ ಸುತ್ತು ಮುಗಿಸಿದಳು. ಸರಿಯಾದ ಸ್ಪ್ರಿಂಗ್ ಇದ್ದಿದ್ದರೆ ಎಂದು ಯಾರಾದರೂ ಬಾಯಿ ತೆಗೆದರೆ ನನಗೆ ಈಗಲೂ ಎದ್ದು ಹೋಗುವಂತಾಗುತ್ತದೆ.

ಕೊನೆಗೆ ಸ್ಪ್ರಿಂಗ್ ಬಂದಾಗ ಮತ್ತೆ ರಾಮನಗರಕ್ಕೆ ಹೋದೆವು, ನಾನು ಮತ್ತು ಅವಳು. ಮೆಕ್ಯಾನಿಕ್ ಜೋಡಿಸಿ ಮುಗಿಸಿ, ಟೇಪನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತ. ಅವಳು ಆ ರಸ್ತೆಯ ಪಕ್ಕದಲ್ಲಿ, ಹಗಲು ಹನ್ನೊಂದು ಗಂಟೆಯಲ್ಲಿ, ಗಾಡಿ ಹತ್ತಿ ಕೂತು ಎರಡೂ ಕಾಲು ಮೇಲಿಟ್ಟಳು. ನಾನು ಹಿಂದೆ ಮಂಡಿಯೂರಿದೆ. ಯಾರೂ ಏನೂ ಅನ್ನಲಿಲ್ಲ. ನಿಂತು ನೋಡಿದವರೂ ಇರಲಿಲ್ಲ, ಬಸ್ಸುಗಳು ಅವುಗಳ ಪಾಡಿಗೆ ಹೋಗುತ್ತಿದ್ದವು. ಇಷ್ಟಕ್ಕೆ ಇಷ್ಟು ದಿನ ಬೇಕಾಯಿತೇ ಎಂದು ನನಗೆ ಅಳುವೇ ಬಂತು.

"ಎಷ್ಟಮ್ಮ?" ಎಂದ ಮೆಕ್ಯಾನಿಕ್, ಪೆನ್ನು ಹಿಡಿದು.

"ನಾಲ್ಕು" ಎಂದೆ. ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ.